ಕೆರೆಯಂಗಳದ ದೇಸಿ ಸಸ್ಯಗಳು: ದೊಡ್ಡೇರಿ ಸೀಮೆಯಿಂದ ಮನೆಯ ತೊಟ್ಟಿಯವರೆಗೆ

ದೊಡ್ಡೇರಿ ಎಂಬ ಹೆಸರನ್ನು ಬಿಡಿಸಿ ಓದಿದರೆ ಸಿಗುವುದು ಎರಡೇ ಪದ: ದೊಡ್ಡ ಮತ್ತು ಏರಿ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಹೆಸರೇ ಕೆರೆಯ ಭಾಷೆಯಲ್ಲಿದೆ. (ಮರಾಠ ಸೇನಾನಿ ಸಂತಾಜಿ ಘೋರ್ಪಡೆ 1695ರಲ್ಲಿ ಮೊಗಲರ ಕಾಸಿಂಖಾನನನ್ನು ಮುತ್ತಿದ ದೊಡ್ಡೇರಿ ಇದಲ್ಲ, ಅದು ಚಳ್ಳಕೆರೆ ಕಡೆಯದು. ಬಯಲುಸೀಮೆಯಲ್ಲಿ ದೊಡ್ಡ ಏರಿಗಳಿಗೆ ಬರವಿರಲಿಲ್ಲ, ಹಾಗಾಗಿ ದೊಡ್ಡೇರಿಗಳಿಗೂ ಬರವಿಲ್ಲ.) ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿ ಬದುಕುವ ಪ್ರದೇಶ. ಪಾವಗಡದಲ್ಲಿ ಅದಕ್ಕಿಂತಲೂ ಕಡಿಮೆ. ಬರುವ ಮಳೆಯ ಬಹುಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಇಂತಹ ನೆಲದಲ್ಲಿ ಜೌಗುಸಸ್ಯಗಳ ಬಗ್ಗೆ ಬರೆಯುವುದು ವಿಚಿತ್ರವೆಂದು ತೋರಬಹುದು. ಆದರೆ ನೀರು ಇದ್ದು ಇಲ್ಲದಂತಾಗುವ ಕೆರೆಗಳಲ್ಲಿ ಸಾವಿರಾರು ವರ್ಷಗಳಿಂದ ಪಳಗಿದ ಸಸ್ಯಗಳೇ ಇಂದು ಕೆರೆ ಪುನಶ್ಚೇತನಕ್ಕೂ, ನಗರದ ಮನೆಯಂಗಳದ ನೀರುತೊಟ್ಟಿಗೂ ಅತ್ಯಂತ ಸೂಕ್ತವಾದವು ಎಂಬುದು ಈ ಲೇಖನದ ಆಧಾರ.

ಹೂಳೆತ್ತುವ ಯಂತ್ರ ಮತ್ತು ಕೆರೆಯಂಚು

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಕಳೆದ ಎರಡು ದಶಕಗಳಲ್ಲಿ ಇವುಗಳ ಅಭಿವೃದ್ಧಿಗೆಂದು ಹಲವು ಯೋಜನೆಗಳು ಬಂದಿವೆ. ಬಹುತೇಕ ಕಡೆ ಅಭಿವೃದ್ಧಿ ಎಂದರೆ ಹೂಳೆತ್ತುವುದು, ಏರಿ ಗಟ್ಟಿಗೊಳಿಸುವುದು, ನಗರಗಳಲ್ಲಾದರೆ ಸುತ್ತಲೂ ನಡಿಗೆಯ ಹಾದಿ ನಿರ್ಮಿಸುವುದು. ಇವೆಲ್ಲ ಬೇಕಾದ ಕೆಲಸಗಳೇ. ತೊಂದರೆ ಇರುವುದು ಕೆರೆಯ ಆಕಾರದಲ್ಲಿ. ಹಳೆಯ ಕೆರೆ ತಟ್ಟೆಯಂತಿತ್ತು: ಏರಿಯ ಬುಡದಲ್ಲಿ ಆಳ, ಹಿನ್ನೀರಿನ ಕಡೆಗೆ ಹೋದಂತೆ ಮೊಣಕಾಲುದ್ದ, ಕಣಕಾಲುದ್ದ, ಕೊನೆಗೆ ಬರೀ ತೇವ. ಯಂತ್ರವಿಟ್ಟು ಎಲ್ಲ ಕಡೆ ಒಂದೇ ಸಮನೆ ಅಗೆದಾಗ ಅದು ಬಟ್ಟಲಾಗುತ್ತದೆ. ನೀರು ಹೆಚ್ಚು ನಿಲ್ಲುತ್ತದೆ, ನಿಜ. ಆದರೆ ಆಳವಿಲ್ಲದ ಅಂಚು ಮಾಯವಾಗುತ್ತದೆ. ಜೌಗುಸಸ್ಯಗಳಲ್ಲಿ ಹತ್ತಕ್ಕೆ ಒಂಬತ್ತು ಬೆಳೆಯುವುದು ಆ ಅಂಚಿನಲ್ಲಿಯೇ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಅಂಚು ಹೋದರೆ ನಷ್ಟ ಯಾರಿಗೆ? ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮವನ್ನು ನೋಡಿದವರಿಗೆ ಉತ್ತರ ಗೊತ್ತು. ಊರ ನಡುವಿನ ಹುಣಿಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಮತ್ತು ಬೂದು ಬಕಗಳು ಪ್ರತಿವರ್ಷ ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವುಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ. ಆದರೆ ಮರ ಕಾಯ್ದರಷ್ಟೇ ಸಾಲದು; ಹಕ್ಕಿಗೆ ಮೇವು ಬೇಕು. ಬಣ್ಣದ ಕೊಕ್ಕರೆ ಈಜಿ ಮುಳುಗಿ ಮೀನು ಹಿಡಿಯುವ ಹಕ್ಕಿಯಲ್ಲ. ನೀರಿನಲ್ಲಿ ನಿಂತು, ಅರೆ ತೆರೆದ ಕೊಕ್ಕನ್ನು ಆಡಿಸುತ್ತ, ತಾಗಿದ ಮೀನನ್ನು ಹಿಡಿಯುವಂಥದು. ಕಾಲು ಮುಳುಗದಷ್ಟು ನೀರು, ಅದರಲ್ಲಿ ಸಸ್ಯಗಳ ಮರೆಯಲ್ಲಿ ಬೆಳೆದ ಸಣ್ಣ ಮೀನು, ಇವೆರಡೂ ಸುತ್ತಲಿನ ಕೆರೆಗಳಲ್ಲಿ ಇದ್ದರೆ ಮಾತ್ರ ಕಗ್ಗಲಡುವಿನ ಮರಿಗಳು ಹಾರುವ ಹಂತಕ್ಕೆ ಬರುತ್ತವೆ.

ಇಲ್ಲೊಂದು ಕಾನೂನಿನ ವಿಪರ್ಯಾಸವನ್ನೂ ಹೇಳಬೇಕು. ಕೇಂದ್ರ ಸರ್ಕಾರದ 2017ರ ಜೌಗುಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು ನೀರಾವರಿಗೆಂದೇ ಮನುಷ್ಯರು ಕಟ್ಟಿದ ರಚನೆಗಳನ್ನು ‘ಜೌಗುಪ್ರದೇಶ’ದ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ನಮ್ಮ ಬಯಲುಸೀಮೆಯ ಕೆರೆಗಳೆಲ್ಲ ಮನುಷ್ಯರು ಕಟ್ಟಿದವೇ ಅಲ್ಲವೇ? ಅತ್ತ, 2024ರಲ್ಲಿ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದ ಕರ್ನಾಟಕದ ತಾಣಗಳಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ ಎರಡೂ ನೀರಾವರಿಗಾಗಿ ಕಟ್ಟಿದ ಕೆರೆಗಳೇ. ಕಟ್ಟಿದ್ದು ಮನುಷ್ಯರಾದರೂ ಅದನ್ನು ಜೌಗುಪ್ರದೇಶವಾಗಿ ಮಾಡಿದ್ದು ಸಸ್ಯಗಳು ಮತ್ತು ಹಕ್ಕಿಗಳು.

ತಲಪರಿಗೆಯ ಪಾಠ

ಈ ನಾಲ್ಕು ತಾಲ್ಲೂಕುಗಳಲ್ಲಿ ವಿಶಿಷ್ಟವಾದ ಒಂದು ಜಲಮೂಲವಿದೆ. ಅದರ ಹೆಸರು ತಲಪರಿಗೆ. ನೆಲದಿಂದ ತಾನಾಗಿ ಜಿನುಗುವ ಒರತೆ ಇದು. ಕೆರೆಯಂಗಳದಲ್ಲಿ, ಹಳ್ಳದ ದಡದಲ್ಲಿ, ಜಯಮಂಗಲಿಯಂತಹ ನದಿಗಳ ಮರಳಿನ ಪಕ್ಕದಲ್ಲಿ ಇವು ಇರುತ್ತಿದ್ದವು. ಕೆಳಗೆ ಗಟ್ಟಿಬಂಡೆ, ಮೇಲೆ ಶಿಥಿಲವಾದ ಕಲ್ಲು ಮತ್ತು ಮರಳಿನ ಪದರ. ಮಳೆಯ ನೀರು ಆ ಪದರದಲ್ಲಿ ಇಳಿದು ನಿಧಾನವಾಗಿ ಹರಿದು, ನೆಲ ತಗ್ಗಾದ ಕಡೆ ಹೊರಬರುತ್ತಿತ್ತು. ಊರವರು ಅದನ್ನು ಸಣ್ಣ ಕಾಲುವೆಯಲ್ಲಿ ಗದ್ದೆ ತೋಟಗಳಿಗೆ ಹಾಯಿಸುತ್ತಿದ್ದರು. ಸರದಿ, ಹೂಳು ತೆಗೆಯುವ ಹೊಣೆ, ಹಂಚಿಕೆ ಎಲ್ಲವೂ ಸಮುದಾಯದ ಕಟ್ಟಳೆಯಂತೆ ನಡೆಯುತ್ತಿತ್ತು. ಕೆರೆ ತುಂಬದ ವರ್ಷವೂ ಸಸಿಮಡಿ ಹಸಿರಾಗಿರಲು ತಲಪರಿಗೆ ಕಾರಣವಾಗುತ್ತಿತ್ತು. ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕೆ ಎಳೆದುಕೊಂಡ ಮೇಲೆ, ನದಿಯ ಮರಳು ಲಾರಿಗಳಲ್ಲಿ ಸಾಗಿಹೋದ ಮೇಲೆ ಬಹುಪಾಲು ತಲಪರಿಗೆಗಳು ಬತ್ತಿದವು. ಸ್ವಚ್ಛ ಮಾಡಿದಾಗ ಮತ್ತೆ ಜಿನುಗಿದವೂ ಉಂಟು.

ಸಸ್ಯಗಳ ದೃಷ್ಟಿಯಿಂದ ತಲಪರಿಗೆಗೂ ಕೆರೆಗೂ ದೊಡ್ಡ ವ್ಯತ್ಯಾಸವಿದೆ. ಕೆರೆಯಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ಸಸ್ಯ ಮುಳುಗಲೂ ಒಣಗಲೂ ಸಿದ್ಧವಿರಬೇಕು. ಒರತೆಯ ಬಳಿ ನೀರು ಆಳವಾಗಿ ನಿಲ್ಲುವುದಿಲ್ಲ, ಆದರೆ ತೇವ ತಪ್ಪುವುದಿಲ್ಲ. ಹಾಗಾಗಿ ಇಲ್ಲಿ ಒಂದೆಲಗ, ನೀರುಬ್ರಾಹ್ಮಿ, ಜೇಕಿನ ಜಾತಿಯ ಸಣ್ಣ ಹುಲ್ಲುಗಳು, ಅಂಚಿನಲ್ಲಿ ಕೇದಗೆ ಮತ್ತು ಲಕ್ಕಿ ಒಗ್ಗುತ್ತವೆ. ಬತ್ತಿದ ತಲಪರಿಗೆಯನ್ನು ಪುನಶ್ಚೇತನ ಮಾಡುವವರು ಕಲ್ಲಿನ ಕಟ್ಟೆ ಕಟ್ಟಿ ಒಳಗೆ ಸಿಮೆಂಟ್ ಬಳಿಯುವುದುಂಟು. ಜಿನುಗುವ ಬಾಯಿಗೆ ಸಿಮೆಂಟ್ ಬಳಿದರೆ ಒರತೆ ಎಲ್ಲಿಂದ ಬರಬೇಕು? ಗಾರೆಯಿಲ್ಲದ ಕಲ್ಲುಜೋಡಣೆ, ಅದರ ಸಂದಿಯಲ್ಲಿ ಬೇರುಬಿಡುವ ಸಣ್ಣ ಸಸ್ಯಗಳು, ಮೇಲ್ಭಾಗದ ನೆಲದಲ್ಲಿ ನೀಲಗಿರಿ ಇಲ್ಲದಿರುವುದು, ಇಷ್ಟು ಮುಖ್ಯ. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿಯೇ ನಿಷೇಧಿಸಿತು.

ಒಂದೆಲಗ ಮತ್ತು ನೀರುಬ್ರಾಹ್ಮಿಗಳ ಬಗ್ಗೆ ಒಂದು ಗೊಂದಲ ನಿವಾರಿಸುವುದು ಒಳ್ಳೆಯದು. ‘ಬ್ರಾಹ್ಮಿ’ ಎಂದು ನಮ್ಮಲ್ಲಿ ಅನೇಕರು ಕರೆಯುವುದು ಒಂದೆಲಗವನ್ನು, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ. ದುಂಡನೆಯ ಒಂದೊಂದೇ ಎಲೆ, ನೆಲದ ಮೇಲೆ ಹರಿಯುವ ಬಳ್ಳಿ. ತಂಬುಳಿ, ಚಟ್ನಿಗೆ ಬಳಸುವುದು ಇದನ್ನೇ. ಕೇರಳದ ವೈದ್ಯರು ಬ್ರಾಹ್ಮಿ ಎಂದರೆ ಅದು ಬಕೋಪಾ ಮೊನಿಯೇರಿ: ದಪ್ಪನೆಯ ಚಿಕ್ಕ ಎಲೆ, ಮಾಸಲು ನೀಲಿಬಿಳುಪಿನ ಹೂ, ಕಹಿ ರುಚಿ. ಎರಡೂ ದೇಸಿ, ಎರಡೂ ತೇವಪ್ರಿಯ. ಬಾಲ್ಕನಿಯ ಅಗಲವಾದ ಕುಂಡದಲ್ಲಿ ಕೆಳಗೆ ರಂಧ್ರ ಮಾಡದೆ ಜೇಡಿಮಣ್ಣು ತುಂಬಿ, ಬಳ್ಳಿಯ ಒಂದು ಗೆಣ್ಣು ಊರಿದರೆ ತಿಂಗಳೊಳಗೆ ಕುಂಡ ತುಂಬುತ್ತದೆ. ಒಂದೆಲಗಕ್ಕೆ ಅರೆ ನೆರಳು ಸಾಕು. ನೀರುಬ್ರಾಹ್ಮಿಗೆ ಬಿಸಿಲು ಬೇಕು.

ಕೊರಟಗೆರೆಯ ಬಜೆ

ಮಗು ಹುಟ್ಟಿದ ಮನೆಯಲ್ಲಿ ತೇಯುವ ಬಜೆಯ ಬೇರು ಎಲ್ಲಿಂದ ಬರುತ್ತದೆಂದು ನಗರದ ಓದುಗರು ಯೋಚಿಸಿರಲಿಕ್ಕಿಲ್ಲ. ಗ್ರಂಥಿಗೆ ಅಂಗಡಿಯಿಂದ ಹಿಂದಕ್ಕೆ ನಡೆದರೆ ದಾರಿ ಕೊರಟಗೆರೆ ತಾಲ್ಲೂಕಿನ ಗದ್ದೆಗಳಿಗೆ ತಲುಪುವ ಸಾಧ್ಯತೆಯಿದೆ. ಔಷಧ ಸಸ್ಯಗಳ ಕೃಷಿಯ ಬಗ್ಗೆ ಬರೆದವರು ಬಜೆಗೆ ಉದಾಹರಣೆಯಾಗಿ ಹೆಸರಿಸುವ ಪ್ರದೇಶಗಳಲ್ಲಿ ಇದು ಪ್ರಮುಖವಾದುದು. ಬಜೆಯ ಶಾಸ್ತ್ರೀಯ ಹೆಸರು ಅಕೋರಸ್ ಕ್ಯಾಲಮಸ್. ಕತ್ತಿಯಂತಹ ಉದ್ದ ಎಲೆ. ಮುರಿದರೆ ಘಮ್ಮೆನ್ನುವ ವಾಸನೆ. ಭತ್ತದ ಗದ್ದೆಯಂತೆ ಕೆಸರು ಮಾಡಿದ ಮಣ್ಣಿನಲ್ಲಿ ಗಡ್ಡೆಯ ಮೊಳಕೆಯಿರುವ ತುಂಡುಗಳನ್ನು ಸುಮಾರು ಒಂದು ಅಡಿ ಅಂತರದಲ್ಲಿ ನಾಟಿ ಮಾಡುತ್ತಾರೆ. ಹತ್ತು ಹನ್ನೆರಡು ತಿಂಗಳಿಗೆ ಕಟಾವು. ವರ್ಷವಿಡೀ ತೇವ ಬೇಡುವ ಈ ಬೆಳೆ ಬರಪೀಡಿತ ಜಿಲ್ಲೆಯಲ್ಲಿ ನೆಲೆ ಕಂಡಿರುವುದು ಸೋಜಿಗವೆನಿಸಬಹುದು. ನೀರಿನ ಆಸರೆಯ ತಗ್ಗುಭೂಮಿಯಲ್ಲಿ ಮಾತ್ರ ಅದಕ್ಕೆ ಜಾಗ.

ತೋಟದ ಸಸ್ಯವಾಗಿ ಬಜೆ ಬಲು ಸುಲಭ. ಎರಡು ಮೂರು ಅಂಗುಲ ನೀರು ನಿಲ್ಲುವ ತೊಟ್ಟಿಯಲ್ಲಿ, ಅಡುಗೆಮನೆಯ ಬಚ್ಚಲು ನೀರು ಹಾಯುವ ಮೋರಿಯ ಪಕ್ಕದಲ್ಲಿ ಬೆಳೆಯುತ್ತದೆ. ಎಚ್ಚರಿಕೆಯ ಮಾತೊಂದಿದೆ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ರಾಸಾಯನಿಕವಿದೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಇದು ಹಾನಿಕರವೆಂದು ಕಂಡ ಕಾರಣ ಅಮೆರಿಕವು 1968ರಲ್ಲಿಯೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಅಜ್ಜಿಯ ಪದ್ಧತಿಯನ್ನು ಹೀಗಳೆಯುವುದು ಉದ್ದೇಶವಲ್ಲ. ಹಸುಗೂಸಿಗೆ ಕೊಡುವ ಮುನ್ನ ವೈದ್ಯರನ್ನು ಕೇಳುವುದು ಲೇಸು. ಇನ್ನೊಂದು ಮಾತು: ಬಜೆಯನ್ನು ಗದ್ದೆ, ತೋಟಗಳಿಗೆ ಸೀಮಿತಗೊಳಿಸಬೇಕು. ಕೃಷಿಯ ಬೆಳೆಯಾಗಿ ಅದು ನಮ್ಮದೇ ಆದರೂ ಕೆರೆಯಂಗಳದಲ್ಲಿ ನೆಟ್ಟು ಬಿಡುವ ಅಗತ್ಯವಿಲ್ಲ.

ತಾವರೆಯೋ ನೈದಿಲೆಯೋ

ಕೆರೆಗೆ ಗಿಡ ಹಾಕೋಣವೆಂದರೆ ಎಲ್ಲರೂ ಮೊದಲು ಕೇಳುವುದು ತಾವರೆಯನ್ನು. ಅದು ರಾಜ್ಯಪುಷ್ಪವೂ ಹೌದು. ಆದರೆ ಏರಿಳಿಯುವ ಸಣ್ಣ ಕೆರೆಗೆ ನೈದಿಲೆಯೇ ಹೆಚ್ಚು ಯೋಗ್ಯ ಎಂಬುದು ಈ ಲೇಖಕನ ಅಭಿಪ್ರಾಯ.

ಎರಡನ್ನೂ ಗುರುತಿಸುವುದು ಸುಲಭ. ತಾವರೆಯ ಎಲೆ ಛತ್ರಿಯಂತೆ ಪೂರ್ಣ ವೃತ್ತ, ದಂಟು ನಡುವಿಗೆ ಸೇರುತ್ತದೆ, ಬೆಳೆದ ಎಲೆ ನೀರಿನ ಮೇಲೆ ಎದ್ದು ನಿಲ್ಲುತ್ತದೆ, ನೀರಿನ ಹನಿ ಅದರ ಮೇಲೆ ಮುತ್ತಾಗಿ ಉರುಳುತ್ತದೆ. ನೈದಿಲೆಯ ಎಲೆಗೆ ಒಂದು ಸೀಳಿದೆ. ಅದು ನೀರಿನ ಮೇಲೆಯೇ ಮಲಗಿರುತ್ತದೆ. ಹಳೆಗನ್ನಡದ ಕವಿಗಳು ತಾವರೆಯನ್ನು ಸೂರ್ಯನಿಗೂ ನೈದಿಲೆಯನ್ನು ಚಂದ್ರನಿಗೂ ಜೋಡಿಸಿದರು. ಸಸ್ಯಶಾಸ್ತ್ರ ಇದನ್ನು ಅರ್ಧ ಒಪ್ಪುತ್ತದೆ. ಬಿಳಿ ನೈದಿಲೆ, ಅಂದರೆ ನಿಂಫಿಯಾ ಪ್ಯೂಬಿಸೆನ್ಸ್, ರಾತ್ರಿ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ನೀಲಿ ನೈದಿಲೆ, ಅಂದರೆ ನಿಂಫಿಯಾ ನೌಚಾಲಿ, ಹಗಲಿನಲ್ಲಿಯೇ ಅರಳುತ್ತದೆ.

ನೈದಿಲೆಯ ಗುಣವೆಂದರೆ ಬರವನ್ನು ತಾಳುವುದು. ನೀರಿಳಿದಾಗ ಎಲೆ ಒಣಗುತ್ತದೆ, ಗಡ್ಡೆ ಕೆಸರಿನೊಳಗೆ ನಿದ್ರಿಸುತ್ತದೆ. ಮತ್ತೆ ಕೆರೆ ತುಂಬಿದಾಗ ಎಲೆ ಮೇಲೇಳುತ್ತದೆ. ತುಮಕೂರು ಜಿಲ್ಲೆಯ ಉತ್ತರ ತಾಲ್ಲೂಕುಗಳಲ್ಲಿ 2021 ಮತ್ತು 2022ರ ಭಾರಿ ಮಳೆಗೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಇಂತಹ ಕೆರೆಯಲ್ಲಿ ಯಾರೂ ನೆಡದ ಸಸ್ಯ ಕಾಣಿಸಿಕೊಂಡರೆ ಅದು ಪವಾಡವಲ್ಲ. ಹೂಳಿನಲ್ಲಿ ಕೂತ ಬೀಜ ಮತ್ತು ಗಡ್ಡೆಗಳ ಕೆಲಸ. ನಾಲ್ಕು ಎಲೆಯ ಜರೀಗಿಡ ಮಾರ್ಸೀಲಿಯಾದ ಬೀಜಕದ ಕೋಶಗಳು ಒಣಮಣ್ಣಿನಲ್ಲಿ ಬಹುವರ್ಷ ಜೀವ ಹಿಡಿದಿರುತ್ತವೆ. ತಾವರೆ ಬೀಜದ ಆಯುಸ್ಸಂತೂ ದಂತಕಥೆಯಂತಿದೆ: ಚೀನಾದ ಒಣಗಿದ ಸರೋವರವೊಂದರ ತಳದಲ್ಲಿ ದೊರೆತ, ಸುಮಾರು 1,300 ವರ್ಷ ಹಳೆಯದಾದ ಬೀಜವನ್ನು ಮೊಳಕೆಯೊಡೆಸಿದ್ದಾಗಿ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ತಾವರೆ ಬೀಜ ಹಾಕುವವರು ಅದರ ತುದಿಯನ್ನು ಕಲ್ಲಿಗೆ ಉಜ್ಜಿ, ಒಳಗಿನ ಬಿಳಿ ತಿರುಳು ಇಣುಕುವಂತೆ ಮಾಡಿ ನೀರಿಗೆ ಹಾಕಬೇಕು. ಉಜ್ಜದಿದ್ದರೆ ಅದು ಇನ್ನೂ ಸಾವಿರ ವರ್ಷ ಕಾಯಲು ಸಿದ್ಧವಿರುತ್ತದೆ!

ಹೂಳೆತ್ತುವವರಿಗೆ ಇದರಿಂದ ಒಂದು ಪ್ರಾಯೋಗಿಕ ಸೂಚನೆ ಸಿಗುತ್ತದೆ. ಎಲ್ಲ ಹೂಳನ್ನೂ ಹೊಲಗಳಿಗೆ ಸಾಗಿಸುವ ಮುನ್ನ ಹಿನ್ನೀರಿನ ಕಡೆಯ ಒಂದು ಭಾಗದ ಮೇಲ್ಪದರವನ್ನು, ಸುಮಾರು ಅರ್ಧ ಅಡಿಯಷ್ಟನ್ನು, ಪ್ರತ್ಯೇಕವಾಗಿ ರಾಶಿ ಮಾಡಿ, ಕೆಲಸ ಮುಗಿದ ಬಳಿಕ ಅಂಚಿನ ಇಳಿಜಾರಿನಲ್ಲಿ ಮತ್ತೆ ಹರಡಬೇಕು. ಅದು ಕೆರೆಯ ಸ್ವಂತ ಬೀಜಕೋಶ. ಖರ್ಚು ಅತ್ಯಲ್ಪ. ನರ್ಸರಿಯಿಂದ ತಂದ ಯಾವ ಸಸಿಯೂ ಅದಕ್ಕೆ ಸಮನಲ್ಲ.

ನರ್ಸರಿಯ ನೈದಿಲೆಗಳ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಬೆಂಗಳೂರು, ಮೈಸೂರುಗಳ ನರ್ಸರಿಗಳಲ್ಲಿ ಸಿಗುವ ಹಳದಿ, ನೇರಳೆ, ಗುಲಾಬಿ ಬಣ್ಣದ ನೈದಿಲೆಗಳಲ್ಲಿ ಹೆಚ್ಚಿನವು ವಿದೇಶಿ ಮಿಶ್ರತಳಿಗಳು. ಮನೆಯ ತೊಟ್ಟಿಯಲ್ಲಿದ್ದರೆ ಅಡ್ಡಿಯಿಲ್ಲ. ಕೆರೆಗೆ ಬಿಟ್ಟರೆ? ಶ್ರೀಲಂಕಾದ ಅನುಭವ ಕಣ್ತೆರೆಸುವಂಥದು. ಅಲ್ಲಿಯ ರಾಷ್ಟ್ರೀಯ ಹೂ ನೀಲಿ ನೈದಿಲೆ, ಅವರ ಮಾತಿನಲ್ಲಿ ನಿಲ್ ಮಾನೆಲ್. ನೇರಳೆ ಬಣ್ಣದ ಒಂದು ವಿದೇಶಿ ಮಿಶ್ರತಳಿ ಕೆರೆಗಳಲ್ಲಿ ಎಷ್ಟು ಹಬ್ಬಿತೆಂದರೆ ಜನ ಅದನ್ನೇ ನಿಲ್ ಮಾನೆಲ್ ಎಂದು ತಿಳಿದರು. ರಾಷ್ಟ್ರೀಯ ಹೂವಿನ ಚಿತ್ರವಾಗಿಯೂ ಅದೇ ಬಳಕೆಯಾಯಿತು. ಪೇರಾದೆಣಿಯ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಎತ್ತಿ ತೋರಿಸಿದ ಮೇಲೆ ತಪ್ಪು ತಿದ್ದಬೇಕಾಯಿತು.

ಜೊಂಡು, ಜೇಕು ಮತ್ತು ಇತರ ಹೆಸರಿಲ್ಲದವರು

ಕೆರೆಯ ನಿಜವಾದ ಕೆಲಸಗಾರರು ಹೂ ಬಿಡುವ ಸುಂದರಿಯರಲ್ಲ. ಜೊಂಡು, ಜೇಕು, ಆಪಿನಂತಹ ಹುಲ್ಲುಹುಲ್ಲಾದ ಸಸ್ಯಗಳು. ಇವುಗಳ ಕಾಂಡದೊಳಗೆ ಗಾಳಿಯ ನಾಳಗಳಿವೆ. ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಯುತ್ತದೆ. ಬೇರಿನ ಸುತ್ತ ಆಶ್ರಯ ಪಡೆದ ಸೂಕ್ಷ್ಮಜೀವಿಗಳು ಕೊಳಚೆಯ ಅಮೋನಿಯಾವನ್ನು ಕರಗಿಸುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಗೆ ಬರುವ ಸಂಸ್ಕರಿಸಿದ ಕೊಳಚೆ ನೀರು ನೇರವಾಗಿ ಕೆರೆ ಸೇರದೆ ಮೊದಲು ಒಂದು ಜೌಗಿನ ಮೂಲಕ ಹಾಯುವಂತೆ ಮಾಡಿರುವುದು ಈ ತತ್ವದ ಮೇಲೆಯೇ. ಆದರೆ ಮರೆಯಬಾರದ ಅಂಶವೊಂದುಂಟು. ಸಸ್ಯ ಹೀರಿದ ಸಾರಜನಕ, ರಂಜಕಗಳು ಸಸ್ಯದಲ್ಲಿಯೇ ಇರುತ್ತವೆ. ವರ್ಷಕ್ಕೊಮ್ಮೆಯಾದರೂ ಕೊಯ್ದು ಹೊರಸಾಗಿಸದಿದ್ದರೆ ಅದು ಅಲ್ಲಿಯೇ ಕೊಳೆತು ಎಲ್ಲವನ್ನೂ ನೀರಿಗೆ ಮರಳಿಸುತ್ತದೆ. ಹಿಂದೆ ಕೊಯ್ಯಲು ಜನರಿದ್ದರು: ಚಾಪೆ ನೇಯುವವರು, ದನದ ಮೇವು ಕೊಯ್ಯುವವರು. ಈಗ ಕೊಯ್ಯುವವರಿಲ್ಲ, ಸುರಿಯುವ ಕೊಳಚೆ ಹೆಚ್ಚಿದೆ. ಆದ್ದರಿಂದಲೇ ನಗರದ ಕೆರೆಗಳಲ್ಲಿ ದೇಸಿ ಜೊಂಡೇ ಕಳೆಯಾಗಿ ವರ್ತಿಸುತ್ತಿದೆ.

ನೇರಳೆ ಜಂಬುಕೋಳಿ ಎಂಬ ಹಕ್ಕಿಯ ಹೆಸರಿನಲ್ಲಿಯೇ ಜಂಬು ಇದೆ. ಅಂದರೆ ಜೊಂಡನ್ನು ಪೂರ್ತಿ ಬೋಳಿಸುವುದೂ ಸಲ್ಲ. ಮೂರರಲ್ಲಿ ಒಂದು ಪಾಲು ಅಂಚನ್ನು ಸರದಿಯ ಮೇಲೆ ಕೊಯ್ಯುವುದು, ಅದೂ ಹಕ್ಕಿ ಗೂಡು ಕಟ್ಟದ ಬೇಸಿಗೆಯ ದಿನಗಳಲ್ಲಿ, ಒಳ್ಳೆಯ ಪದ್ಧತಿ. ಮನೆಯ ಕೊಳಕ್ಕೆ ಜೊಂಡು ಬೇಡವೇ ಬೇಡ. ಎರಡು ವರ್ಷದಲ್ಲಿ ಕೊಳವೇ ಕಾಣಿಸುವುದಿಲ್ಲ. ಅದರ ಬದಲು ಜೇಕಿನ ಜಾತಿಯ ಗಿಡಗಳನ್ನು ಕುಂಡ ಸಮೇತ ನೀರಿನಲ್ಲಿ ಇಳಿಸಬಹುದು.

ತೇವದಂಚಿನಲ್ಲಿ ತಾನಾಗಿ ಬರುವ ಹೊನಗೊನ್ನೆ, ಗರುಗ, ಕೊಳವಳಿಕೆಗಳಿಗೆ ವಿಶೇಷ ಆರೈಕೆ ಬೇಕಿಲ್ಲ. ಮುಳ್ಳಿನ ಕೊಳವಳಿಕೆಯ ನೇರಳೆ ಹೂವಿಗೆ ಜೇನು ಮುತ್ತುತ್ತದೆ. ಹೊನಗೊನ್ನೆಯ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಅದರ ದಕ್ಷಿಣ ಅಮೆರಿಕದ ದಾಯಾದಿಯೊಂದು ಬೆಂಗಳೂರಿನ ಕೊಳಚೆ ಕೆರೆಗಳಲ್ಲಿ ಹಾಸಿಗೆ ಹಾಸಿದಂತೆ ಹಬ್ಬಿದೆ. ದೇಸಿ ಹೊನಗೊನ್ನೆಯ ಬಿಳಿ ಹೂಗುಚ್ಛ ಎಲೆಯ ಕಂಕುಳಿಗೆ ಅಂಟಿಕೊಂಡಿರುತ್ತದೆ. ವಿದೇಶಿಯದಕ್ಕೆ ಉದ್ದನೆಯ ತೊಟ್ಟಿದೆ, ಕಾಂಡ ಟೊಳ್ಳು. ಯಾವುದೇ ಆಗಲಿ, ಕೊಳಚೆ ಸೇರುವ ಕೆರೆಯ ಸೊಪ್ಪನ್ನು ಅಡುಗೆಗೆ ತರಬಾರದು. ಸೊಪ್ಪು ಹೀರುವುದು ಸಾರಜನಕವನ್ನಷ್ಟೇ ಅಲ್ಲ, ಭಾರಲೋಹಗಳನ್ನೂ.

ನೀರಿನೊಳಗೆ ಮುಳುಗಿ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಒಟೀಲಿಯಾಗಳು ನೀರು ತಿಳಿಯಾಗಿದ್ದರೆ ತಾವಾಗಿ ಬರುತ್ತವೆ. ಕದಡಿದ್ದರೆ ನೆಟ್ಟರೂ ಬದುಕುವುದಿಲ್ಲ.

ಏರಿಯ ಮೇಲೇನು, ಅಂಗಳದಲ್ಲೇನು

ವನಮಹೋತ್ಸವದ ಉತ್ಸಾಹದಲ್ಲಿ ಕೆರೆ ಏರಿಯ ಮೇಲೆಯೇ ಸಾಲುಮರ ನೆಡುವುದುಂಟು. ಇದು ತಪ್ಪು. ದೊಡ್ಡ ಮರದ ಬೇರು ಮಣ್ಣಿನ ಏರಿಯೊಳಗೆ ಇಳಿಯುತ್ತದೆ. ಮರ ಸತ್ತು ಬೇರು ಕೊಳೆತಾಗ ಅದೇ ನೀರು ಸೋರುವ ಕೊಳವೆಯಾಗುತ್ತದೆ. ಗಾಳಿಗೆ ಮರ ಬುಡಮೇಲಾದರೆ ಏರಿಯ ತುಂಡನ್ನೇ ಕಿತ್ತೊಯ್ಯುತ್ತದೆ. ಏರಿಯ ಹೊರಮೈಗೆ ಗರಿಕೆ ಮತ್ತು ಲಾವಂಚ ಸಾಕು. ಲಾವಂಚದ ಬೇರು ನೇರವಾಗಿ ಕೆಳಗಿಳಿದು ಮಣ್ಣನ್ನು ಹೆಣೆಯುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ಸಂರಕ್ಷಣೆ ತಜ್ಞರು ಇದನ್ನು ಜಗತ್ತಿಗೆಲ್ಲ ಶಿಫಾರಸು ಮಾಡಿದರು. ಮೈಸೂರು ಸೀಮೆಯ ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚ ಹಾಕುತ್ತಿದ್ದುದನ್ನು ಅವರು ಕಂಡಿದ್ದರು. ಕೋಡಿಯ ಪಕ್ಕದ ಕೊರಕಲಿಗೂ ಇದು ಒಳ್ಳೆಯದು. ಹಳ್ಳದ ದಂಡೆಗೆ ಲಕ್ಕಿ. ಅದನ್ನು ದನ ಮೇಯುವುದಿಲ್ಲ, ಕಡ್ಡಿಯಿಂದಲೇ ಬೇರೂರುತ್ತದೆ.

ಮರಗಳ ಜಾಗ ಏರಿಯ ಬುಡದಾಚೆ ಮತ್ತು ಹಿನ್ನೀರಿನ ಅಂಚಿನಲ್ಲಿ. ಹೊಂಗೆ, ನೇರಳೆ, ಹೊಳೆಮತ್ತಿ, ಈಚಲು ಇವೆಲ್ಲ ಈ ನೆಲಕ್ಕೆ ಒಗ್ಗಿದವು. ಮುಳುಗಡೆಯಾಗುವ ಅಂಗಳದೊಳಗೆ ನಿಲ್ಲಬಲ್ಲದ್ದು ಕರಿಜಾಲಿ. ಅಂಕಸಮುದ್ರದಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಕೆರೆಯೊಳಗಿನ ಕರಿಜಾಲಿ ಮರಗಳ ಮೇಲೆಯೇ. ಗೀಜಗಕ್ಕೂ ನೀರಿನ ಮೇಲೆ ಬಾಗಿದ ಜಾಲಿ, ಈಚಲುಗಳೆಂದರೆ ಪ್ರೀತಿ.

ಆದರೆ ಶಿರಾ, ಪಾವಗಡ, ಮಧುಗಿರಿಗಳ ಕೆರೆಯಂಗಳದಲ್ಲಿ ಇಂದು ಕಣ್ಣಿಗೆ ಬೀಳುವುದು ಕರಿಜಾಲಿಯಲ್ಲ, ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ 19ನೇ ಶತಮಾನದ ಕೊನೆಯಲ್ಲಿ ಭಾರತಕ್ಕೆ ಬಂದದ್ದು ಇದು. ಬೇಲಿಗೆ, ಸೌದೆಗೆ, ಇದ್ದಿಲಿಗೆ ಬಡವರ ಆಸರೆಯಾದದ್ದನ್ನು ಅಲ್ಲಗಳೆಯಲಾಗದು. ಆದರೆ ಕೆರೆಯಂಗಳದಲ್ಲಿ ಅದು ನಿಂತರೆ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ನೀರಿನ ದಾರಿ ಮುಚ್ಚುತ್ತದೆ. ಕಡಿದರೆ ಬುಡದಿಂದ ಹತ್ತು ಚಿಗುರು. ಬೇರು ಸಮೇತ ಕಿತ್ತು, ಅದೇ ಮಳೆಗಾಲದಲ್ಲಿ ಜಾಗವನ್ನು ಹುಲ್ಲು ಮತ್ತು ಜೇಕಿನಿಂದ ತುಂಬಿಸದಿದ್ದರೆ ಕೆಲಸ ವ್ಯರ್ಥ.

ಎಲ್ಲ ಬಯಲಿಗೂ ಮರವೇ ಮದ್ದಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿಯ ಸಂಪತ್ತು ಹುಲ್ಲು. ಅದೇ ರೀತಿ ಕೆರೆಯ ಹಿನ್ನೀರಿನ ಹುಲ್ಲುಬಯಲು ಖಾಲಿ ಜಾಗವಲ್ಲ; ದನಕುರಿಗಳ ಮೇವು, ಟಿಟ್ಟಿಭದ ಗೂಡಿನ ನೆಲ.

ಮನೆಯ ತೊಟ್ಟಿ

ನಗರದ ಓದುಗರಿಗೆ ಬೇಕಾದ ವಿವರ ಇಷ್ಟು. ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಸಿಮೆಂಟ್ ಅಥವಾ ಪ್ಲಾಸ್ಟಿಕ್ ತೊಟ್ಟಿ; ಹೊಸ ಸಿಮೆಂಟ್ ತೊಟ್ಟಿಯಾದರೆ ಎರಡು ವಾರ ನೀರು ತುಂಬಿ ಚೆಲ್ಲಿ ಸುಣ್ಣದ ಖಾರ ತೆಗೆಯಬೇಕು. ದಿನಕ್ಕೆ ಆರು ಗಂಟೆಯ ಬಿಸಿಲು ಬೀಳುವ ಜಾಗ. ತಳದಲ್ಲಿ ಐದಾರು ಅಂಗುಲ ಜೇಡಿಮಣ್ಣು ಅಥವಾ ಕೆರೆಗೋಡು ಮಣ್ಣು. ಹಸಿ ಗೊಬ್ಬರ, ಕಾಂಪೋಸ್ಟ್ ಕೂಡದು. ಅದು ತೇಲಿ, ಕೊಳೆತು, ನೀರನ್ನು ಹಸಿರು ಪಾಯಸ ಮಾಡುತ್ತದೆ. ಗಡ್ಡೆ ಊರಿ ಮೇಲೆ ಒಂದು ಅಂಗುಲ ಮರಳು. ಮೊದಲು ನಾಲ್ಕು ಅಂಗುಲ ನೀರು, ಎಲೆ ಬಂದಂತೆ ಏರಿಸುತ್ತ ಹೋಗಬೇಕು. ಒಂದು ತೊಟ್ಟಿಗೆ ಒಂದೇ ನೈದಿಲೆ. ನೀರಿನ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಎಲೆ ಮುಚ್ಚಿದರೆ ಹಳೆಯವನ್ನು ಕತ್ತರಿಸುವುದು.

ಸೊಳ್ಳೆಯ ಭಯ ಸಹಜ. ಡೆಂಗಿ ಹರಡುವ ಈಡಿಸ್ ಸೊಳ್ಳೆ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೀನಿಲ್ಲದ ತೊಟ್ಟಿ ಇಡಲೇಬಾರದು. ಗಪ್ಪಿ, ಗ್ಯಾಂಬೂಸಿಯಾ ಮೀನುಗಳು ಲಾರ್ವಾ ತಿನ್ನುತ್ತವೆ, ಆದರೆ ಎರಡೂ ಹೊರನಾಡಿನವು. ಕೆರೆಗೆ ತಪ್ಪಿಸಿಕೊಂಡರೆ ದೇಸಿ ಮೀನಿನ ಮರಿಗಳಿಗೂ ಕಪ್ಪೆಯ ಗೊದಮೊಟ್ಟೆಗಳಿಗೂ ಕುತ್ತು. ನೀರಿನ ಮೇಲ್ಪದರದಲ್ಲಿಯೇ ಈಜುವ ನಮ್ಮ ಪಂಚಾಕ್ಸ್ ಮೀನುಗಳು ಅದೇ ಕೆಲಸವನ್ನು ಮಾಡುತ್ತವೆ. ತೊಟ್ಟಿಯಲ್ಲಿ ಎದ್ದು ನಿಂತ ಒಂದೆರಡು ಜೇಕಿನ ಕಡ್ಡಿ ಇದ್ದರೆ ಏರ್‌ಪ್ಲೇನ್ ಚಿಟ್ಟೆಗಳೂ ಬರುತ್ತವೆ. ಅವುಗಳ ಮರಿಗಳೂ ಸೊಳ್ಳೆಯ ವೈರಿಗಳು.

ಅಂತರಗಂಗೆ, ಕತ್ತೆಕಿವಿಯಂತಹ ಎಲೆಯ ಜಲಕಳೆ, ಸಾಲ್ವೀನಿಯಾ ಇವುಗಳನ್ನು ಅಲಂಕಾರಕ್ಕೆಂದು ಮಾರುವವರಿದ್ದಾರೆ. ನೇರಳೆ ಹೂವಿನ ಜಲಕಳೆಯನ್ನು ಹತೋಟಿಗೆ ತರಲು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ದಕ್ಷಿಣ ಅಮೆರಿಕ ಮೂಲದ ಮೂತಿಹುಳುಗಳನ್ನೇ ತಂದು ಬಿಡಬೇಕಾಯಿತು. ಕೊಳ್ಳಬಾರದು, ಇದ್ದರೆ ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು, ಮೋರಿಗಲ್ಲ.

ನೆಡುವ ಕಾಲ, ತರುವ ಬಗೆ

ಬಯಲುಸೀಮೆಯ ಕೆರೆಗೆ ಎರಡು ಹಂಗಾಮು. ಮರಗಳಿಗೆ ಜೂನ್, ಜುಲೈ. ಜೇಕು, ಹುಲ್ಲುಗಳಿಗೆ ನವೆಂಬರಿನಿಂದ ಜನವರಿ, ನೀರು ಇಳಿಯುತ್ತ ಹೋದಂತೆ ಅದರ ಬೆನ್ನಹಿಂದೆಯೇ ಹಸಿಮಣ್ಣಿನಲ್ಲಿ ನೆಡುತ್ತ ಹೋಗುವುದು. ಮರುವರ್ಷದ ನೀರು ಬರುವ ಹೊತ್ತಿಗೆ ಬೇರು ಗಟ್ಟಿಯಾಗಿರುತ್ತದೆ. ನೈದಿಲೆಯ ಗಡ್ಡೆಯನ್ನು ಜೇಡಿಮಣ್ಣಿನೊಂದಿಗೆ ಗೋಣಿಯ ತುಂಡಿನಲ್ಲಿ ಕಟ್ಟಿ ತುಂಬಿದ ಕೆರೆಯ ಎರಡು ಅಡಿ ನೀರಿನಲ್ಲಿ ಮುಳುಗಿಸಿದರೆ ಸಾಕು. ಇದಕ್ಕೆಲ್ಲ ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ಮೊದಲು ತಿಳಿಯಬೇಕು: 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಗೆ, ಅದಕ್ಕೂ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರಿವೆ. ಫ್ಲೋರೈಡ್ ಪೀಡಿತವಾದ ಈ ತಾಲ್ಲೂಕುಗಳಲ್ಲಿ ‘ಗಿಡ ನೆಟ್ಟರೆ ಫ್ಲೋರೈಡ್ ಹೋಗುತ್ತದೆ’ ಎಂದು ಹೇಳಿ ನಂಬಿಸುವವರಿದ್ದರೆ ನಂಬಬೇಡಿ. ಕೆರೆ ತುಂಬಿ ನೀರು ಇಂಗಿದರೆ ಅಂತರ್ಜಲ ತಿಳಿಯಾಗಲು ನೆರವಾಗಬಹುದು. ಕುಡಿಯುವ ನೀರಿನ ಪರೀಕ್ಷೆಗೆ ಅದು ಬದಲಿಯಲ್ಲ.

ಒಂದು ಕೆರೆಯನ್ನು ತುಂಬಿಸಲು ಇನ್ನೊಂದು ಕೆರೆಯನ್ನು ಬರಿದು ಮಾಡಬಾರದು. ಗಡ್ಡೆ ಕೀಳುವ ಬದಲು ಬೀಜ ತರುವುದು ಮೇಲು. ನೈದಿಲೆಯ ಕಾಯಿ ನೀರಿನೊಳಗೆ ಮುಳುಗಿ ಬಲಿಯುತ್ತದೆ. ಒಡೆದಾಗ ಸಾಸಿವೆಯಂತಹ ಬೀಜಗಳು ಲೋಳೆಯ ಹೊದಿಕೆಯೊಂದಿಗೆ ಮೇಲೆ ತೇಲಿ, ಗಾಳಿ ತಳ್ಳಿದ ಕಡೆ ದಡಕ್ಕೆ ಸೇರಿ, ಸ್ವಲ್ಪ ಕಾಲದಲ್ಲಿಯೇ ಹೊದಿಕೆ ಕಳಚಿ ಮುಳುಗುತ್ತವೆ. ಬೆಳಗಿನ ಹೊತ್ತು ದಡದಲ್ಲಿ ತೆಳುಬಟ್ಟೆ ಹಿಡಿದು ಬಾಚಿದರೆ ಸಿಗುತ್ತವೆ. ಒಣಗಿಸದೆ ನೀರಿನಲ್ಲಿಯೇ ಇಟ್ಟು ತರಬೇಕು.